ಮಾತು ಮದ್ದಾಗುವ ಬಗೆ

1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿ 506 ಹುಡುಗರನ್ನು ಒಳಗೊಂಡ ಒಂದು ಪ್ರಯೋಗ ಶುರುವಾಯಿತು. ಅದನ್ನು ರೂಪಿಸಿದವರು ಹಾರ್ವರ್ಡ್‌ನ ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ದುಡಿಯುವ ಜನರ ಕೇರಿಗಳ ಹುಡುಗರು ಕಳ್ಳತನ, ಕುಡಿತದ ದಾರಿ ಹಿಡಿಯುವ ಮೊದಲೇ ಅವರ ಬೆನ್ನಿಗೆ ತಿಳಿವಳಿಕಸ್ಥ ಹಿರಿಯನೊಬ್ಬ ನಿಂತರೆ ಅವರ ಬಾಳು ನೆಟ್ಟಗಾಗುತ್ತದೆ ಎಂದು ಅವರು ನಂಬಿದ್ದರು. ವಯಸ್ಸು, ಮನೆಯ ಪರಿಸ್ಥಿತಿ, ಸ್ವಭಾವ ನೋಡಿ ಹುಡುಗರನ್ನು ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಯಾರಿಗೆ ನೆರವು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ನೆರವಿನ ಗುಂಪಿಗೆ ಬಿದ್ದವರ ಮನೆಗೆ ಆಪ್ತಸಲಹೆಗಾರರು ತಿಂಗಳಿಗೆ ಸರಾಸರಿ ಎರಡು ಸಲದಂತೆ ಐದು ವರ್ಷ ಹೋಗಿಬಂದರು. ಓದಿನಲ್ಲಿ ಹಿಂದೆ ಬಿದ್ದವರಿಗೆ ಪಾಠ ಹೇಳಿಸಿದರು, ಕಾಯಿಲೆಯಾದವರಿಗೆ ವೈದ್ಯರನ್ನು ಒದಗಿಸಿದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು, ಮನೆಯೊಳಗಿನ ಕಷ್ಟಸುಖ ವಿಚಾರಿಸಿದರು. ಇನ್ನೊಂದು ಗುಂಪಿನ ಹುಡುಗರು ತಮ್ಮ ಪಾಡಿಗೆ ತಾವು ಬೆಳೆದರು.

ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ಅಪರಾಧಶಾಸ್ತ್ರಜ್ಞೆ ನಡುವಯಸ್ಸಿಗೆ ಬಂದಿದ್ದ ಆ ಹುಡುಗರನ್ನು ಹುಡುಕಿ ಹೊರಟರು. ನ್ಯಾಯಾಲಯ, ಆಸ್ಪತ್ರೆ, ಮರಣ ನೋಂದಣಿಯ ದಾಖಲೆಗಳನ್ನು ಜಾಲಾಡಿದರು, ಪತ್ರ ಬರೆದು ಪ್ರಶ್ನೆ ಕೇಳಿದರು. ನೆರವು ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ ಆ ಯೋಜನೆಯಿಂದ ತಮಗೆ ಒಳ್ಳೆಯದಾಯಿತು ಎಂದೇ ಹೇಳಿದರು. ಕೆಲವರು ತಮ್ಮ ಸಲಹೆಗಾರರನ್ನು ಅಕ್ಕರೆಯಿಂದ ನೆನೆದರು. ಆದರೆ 1978ರಲ್ಲಿ ಮೆಕಾರ್ಡ್ ಪ್ರಕಟಿಸಿದ ಲೆಕ್ಕ ಬೇರೆಯದನ್ನೇ ಹೇಳಿತು. ಮರಳಿ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಗಂಭೀರ ಮನೋರೋಗದ ಲಕ್ಷಣ ತೋರಿದವರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚಾಗಿದ್ದರು. ಹೆಚ್ಚು ಕಾಲ, ಹೆಚ್ಚು ಗಾಢವಾಗಿ ನೆರವು ಪಡೆದವರಿಗೆ ಹೆಚ್ಚು ಕೆಡುಕಾಗಿತ್ತು. ಶಿಬಿರಗಳಲ್ಲಿ ಪುಂಡ ಹುಡುಗರೆಲ್ಲ ಒಂದೆಡೆ ಸೇರಿ ಒಬ್ಬರಿಂದೊಬ್ಬರು ಕಲಿತದ್ದು ಇದಕ್ಕೊಂದು ಕಾರಣವಿರಬಹುದು ಎಂದು ಮೆಕಾರ್ಡ್ ಮುಂದೆ ತೋರಿಸಿದರು. ನೆರವು ನಿಂತುಹೋದಾಗ ಉಂಟಾದ ಆಸರೆಯಿಲ್ಲದ ಭಾವ ಇನ್ನೊಂದು ಕಾರಣವಿರಬಹುದು.

ಇದು ಇಂದು ನಾವು ಮನೋಚಿಕಿತ್ಸೆ ಎನ್ನುವ ಅರ್ಥದ ಚಿಕಿತ್ಸೆಯಾಗಿರಲಿಲ್ಲ, ನಿಜ. ಆದರೂ ಈ ಅಧ್ಯಾಯವನ್ನು ಇಲ್ಲಿಂದ ಶುರುಮಾಡಲು ಕಾರಣವಿದೆ. ಕೊಡುವವರ ಒಳ್ಳೆಯ ಮನಸ್ಸು ಚಿಕಿತ್ಸೆ ಫಲಿಸಿದ್ದಕ್ಕೆ ಸಾಕ್ಷಿಯಾಗದು. ಪಡೆದವರ ಕೃತಜ್ಞತೆಯೂ ಪೂರ್ತಿ ಸಾಕ್ಷಿಯಾಗದು. ಹಾಗಾದರೆ ನೋವಿನಲ್ಲಿರುವ ಒಬ್ಬರು ಒಂದು ಕೋಣೆಗೆ ಹೋಗಿ, ಪರಿಚಯವಿಲ್ಲದ ಇನ್ನೊಬ್ಬರ ಮುಂದೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಮಾತಾಡಿ ಬಂದಾಗ ಅದರಿಂದ ಉಪಯೋಗವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮನೋಚಿಕಿತ್ಸೆಯ ವಿಜ್ಞಾನ ಎಪ್ಪತ್ತು ವರ್ಷಗಳಿಂದ ಹೆಣಗುತ್ತಿರುವುದು ಈ ಪ್ರಶ್ನೆಯೊಂದಿಗೆ.

ಪ್ರಶ್ನೆಯನ್ನು ಮುಖಕ್ಕೆ ಹೊಡೆದಂತೆ ಕೇಳಿದವರು ಲಂಡನ್ನಿನ ಹ್ಯಾನ್ಸ್ ಐಸೆಂಕ್. 1952ರಲ್ಲಿ ಅವರು ಬರೆದ ಪುಟ್ಟ ಲೇಖನವೊಂದು ಇಡೀ ಕ್ಷೇತ್ರವನ್ನು ಕೆರಳಿಸಿತು. ಆತಂಕ, ಖಿನ್ನತೆಯಂಥ ತೊಂದರೆ ಇರುವವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಚಿಕಿತ್ಸೆಯಿಲ್ಲದೆಯೂ ಎರಡು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ, ಮನೋಚಿಕಿತ್ಸೆ ಪಡೆದವರು ಇದಕ್ಕಿಂತ ಹೆಚ್ಚು ಗುಣವಾದರು ಎನ್ನಲು ಪುರಾವೆಯಿಲ್ಲ ಎಂದರು. ಅವರ ಲೆಕ್ಕದಲ್ಲಿ ಹುಳುಕುಗಳಿದ್ದವು. ಹೋಲಿಸಬಾರದ ಗುಂಪುಗಳನ್ನು ಹೋಲಿಸಿದ್ದರು. ಆದರೆ ಕಾಲವೇ ಗುಣಪಡಿಸಿದ್ದನ್ನು ಚಿಕಿತ್ಸೆಯ ಖಾತೆಗೆ ಬರೆದುಕೊಳ್ಳಬಾರದು ಎಂಬ ಅವರ ಮಾತು ಇವತ್ತಿಗೂ ಸರಿ. ದುಃಖ ಅದರಷ್ಟಕ್ಕೇ ಇಳಿಯುತ್ತದೆ, ಋತು ಬದಲಾಗುತ್ತದೆ, ಮಗಳಿಗೆ ಕೆಲಸ ಸಿಗುತ್ತದೆ, ಮನೆಯ ಸಾಲ ತೀರುತ್ತದೆ. ಜನ ಚಿಕಿತ್ಸೆಗೆ ಬರುವುದು ಕಷ್ಟ ತುತ್ತತುದಿಗೇರಿದಾಗ. ಅಲ್ಲಿಂದ ಮುಂದಿನ ದಾರಿ ಹೇಗೂ ಸ್ವಲ್ಪ ಇಳಿಜಾರೇ.

ಉತ್ತರ ಬರಲು ಕಾಲು ಶತಮಾನ ಹಿಡಿಯಿತು. 1977ರಲ್ಲಿ ಮೇರಿ ಲೀ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆದರು. ಬೇರೆಬೇರೆ ಅಧ್ಯಯನಗಳ ಫಲಿತಾಂಶವನ್ನು ಒಂದೇ ಅಳತೆಗೋಲಿಗೆ ತಂದು ಕೂಡುವ ಈ ಕ್ರಮಕ್ಕೆ ‘ಮೆಟಾ-ಅನಾಲಿಸಿಸ್’ ಎಂದು ಹೆಸರಿಟ್ಟವರು ಗ್ಲಾಸ್ ಅವರೇ. ಇವತ್ತು ವೈದ್ಯವಿಜ್ಞಾನದ ಮೂಲೆಮೂಲೆಯಲ್ಲಿ ಬಳಕೆಯಾಗುವ ಈ ಉಪಕರಣದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮನೋಚಿಕಿತ್ಸೆಯ ಮೇಲೆ. ಚಿಕಿತ್ಸೆ ಪಡೆದ ಸಾಧಾರಣ ವ್ಯಕ್ತಿ, ಪಡೆಯದವರಲ್ಲಿ ಶೇ 75ರಷ್ಟು ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದ ಎಂದು ಅವರು ಕಂಡರು. ಆಮೇಲಿನ ಅಧ್ಯಯನಗಳು ಇನ್ನಷ್ಟು ಬಿಗಿಯಾದವು, ಅಂಕಿಗಳು ಇನ್ನಷ್ಟು ವಿನಯ ಕಲಿತವು. ಪಿಮ್ ಕೈಪರ್ಸ್ ಮತ್ತು ಸಂಗಡಿಗರು 2021ರಲ್ಲಿ ಖಿನ್ನತೆಯ ಬಗ್ಗೆ ಮಾಡಿದ ಲೆಕ್ಕದ ಪ್ರಕಾರ, ಮನೋಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 41 ಮಂದಿಯ ಲಕ್ಷಣಗಳು ಎರಡು ತಿಂಗಳಲ್ಲಿ ಅರ್ಧಕ್ಕಿಳಿದವು; ಮಾಮೂಲಿ ಆರೈಕೆ ಪಡೆದವರಲ್ಲಿ ಹಾಗಾದದ್ದು ಶೇ 17 ಮಂದಿಗೆ. ಇದು ದೊಡ್ಡ ವ್ಯತ್ಯಾಸ. ಆದರೆ ಐದರಲ್ಲಿ ಸುಮಾರು ಮೂವರಿಗೆ ಅಷ್ಟು ಬೇಗ ಅಷ್ಟು ಗುಣವಾಗಲಿಲ್ಲ ಎಂಬುದೂ ಇದೇ ಅಂಕಿಯೊಳಗೆ ಇದೆ. ಆ ಮೂವರ ಬಗ್ಗೆ ನಾವು ಮಾತಾಡುವುದು ಕಡಿಮೆ. ಅವರು ತಮ್ಮಲ್ಲೇ ದೋಷವಿದೆ ಎಂದುಕೊಂಡು ಸುಮ್ಮನಾಗುತ್ತಾರೆ ಎಂಬುದು ನನ್ನನ್ನು ಕಾಡುವ ಸಂಗತಿ.

ಹಾಗಾದರೆ ಯಾವ ಬಗೆಯ ಚಿಕಿತ್ಸೆ ಒಳ್ಳೆಯದು? ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯೋ, ಆಲೋಚನೆಗಳನ್ನು ಒರೆಗೆ ಹಚ್ಚುವ ಕಾಗ್ನಿಟಿವ್ ಥೆರಪಿಯೋ, ಕಾರ್ಲ್ ರೋಜರ್ಸ್ ಕಲಿಸಿದ ಹಾಗೆ ತೀರ್ಪು ಕೊಡದೆ ಆಲಿಸುವುದೋ? 1936ರಲ್ಲೇ ಸಾಲ್ ರೋಸೆನ್‌ಝ್ವೈಗ್ ಎಂಬ ಯುವ ಮನೋವಿಜ್ಞಾನಿ ಒಂದು ಊಹೆ ಮುಂದಿಟ್ಟಿದ್ದರು: ಇಷ್ಟು ಭಿನ್ನ ಸಿದ್ಧಾಂತಗಳ ಚಿಕಿತ್ಸೆಗಳೆಲ್ಲ ಸರಿಸುಮಾರು ಒಂದೇ ಮಟ್ಟದ ಯಶಸ್ಸು ಕಾಣುತ್ತಿದ್ದರೆ, ಗುಣವಾಗುತ್ತಿರುವುದು ಅವು ಹೇಳಿಕೊಳ್ಳುವ ಕಾರಣದಿಂದಲ್ಲ, ಎಲ್ಲದರೊಳಗೂ ಸದ್ದಿಲ್ಲದೆ ಇರುವ ಯಾವುದೋ ಸಮಾನ ಅಂಶದಿಂದ ಇರಬೇಕು. ಮುಂದಿನ ದಶಕಗಳ ಹೋಲಿಕೆಗಳಲ್ಲಿ ಈ ಊಹೆಗೆ ಬಹಳಷ್ಟು ಬಲ ಬಂದಿದೆ. ಖಿನ್ನತೆಯ ಮಟ್ಟಿಗಂತೂ ಹೆಸರಾಂತ ಚಿಕಿತ್ಸಾ ಪದ್ಧತಿಗಳ ನಡುವಿನ ವ್ಯತ್ಯಾಸ ಬಲು ಸಣ್ಣದು.

ಆದರೆ ಈ ಮಾತನ್ನು ಎಳೆದು ‘ಯಾವುದಾದರೂ ನಡೆಯುತ್ತದೆ’ ಎನ್ನುವವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಗೀಳು ಕಾಯಿಲೆಯನ್ನೇ ನೋಡಿ. ಕೈ ಮೈಲಿಗೆಯಾಯಿತೆಂದು ದಿನಕ್ಕೆ ಹತ್ತಾರು ಸಲ ತೊಳೆಯುವವರಿಗೆ ಬಾಲ್ಯದ ಕತೆ ಕೇಳುತ್ತ ವರ್ಷಗಟ್ಟಲೆ ಕೂತರೂ ಗೀಳು ಕದಲುತ್ತಿರಲಿಲ್ಲ. ಈ ಕಾಯಿಲೆ ಗುಣವಾಗುವುದೇ ಇಲ್ಲ ಎಂಬ ಭಾವನೆ ವೈದ್ಯರಲ್ಲಿತ್ತು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಬೇರೆ ದಾರಿ ಹಿಡಿದರು. ರೋಗಿಗೆ ಯಾವುದು ಮೈಲಿಗೆ ಅನಿಸುತ್ತದೋ ಅದನ್ನೇ ಮುಟ್ಟಲು ಹೇಳಿದರು, ಆಮೇಲೆ ಕೈ ತೊಳೆಯದಂತೆ ಜೊತೆಗೆ ನಿಂತರು. ಆತಂಕ ಉಕ್ಕುತ್ತದೆ, ಸಹಿಸಲಸಾಧ್ಯ ಅನಿಸುತ್ತದೆ, ತೊಳೆಯದಿದ್ದರೂ ಹೊತ್ತು ಕಳೆದಂತೆ ತಾನಾಗಿ ಇಳಿಯುತ್ತದೆ. ತೊಳೆಯದೆ ಇದ್ದರೂ ಏನೂ ಅನಾಹುತ ಆಗಲಿಲ್ಲ ಎಂಬುದನ್ನು ಮಿದುಳು ಉಪದೇಶದಿಂದಲ್ಲ, ಅನುಭವದಿಂದ ಕಲಿಯುತ್ತದೆ. ಇವತ್ತು ಗೀಳಿಗೆ ಮೊದಲ ಸಾಲಿನ ಮನೋಚಿಕಿತ್ಸೆ ಇದರಿಂದ ಬೆಳೆದು ಬಂದದ್ದೇ. ಹಲ್ಲಿಯ ಭಯ, ಲಿಫ್ಟಿನ ಭಯ, ದಿಢೀರನೆ ಎದೆ ಹೊಡೆದುಕೊಳ್ಳುವ ಪ್ಯಾನಿಕ್ ದಾಳಿ ಇವುಗಳಲ್ಲೂ ಅಷ್ಟೆ, ಭಯವನ್ನು ಕ್ರಮವಾಗಿ ಎದುರಿಸುವ ಅಭ್ಯಾಸ ಇಲ್ಲದ ಚಿಕಿತ್ಸೆ ಎಷ್ಟೇ ಮಮತೆಯದಾದರೂ ಅರ್ಧ ಚಿಕಿತ್ಸೆ. ತಿಂಗಳುಗಟ್ಟಲೆ ‘ಹಾಯಾಗಿ ಮಾತಾಡಿ’ ಬಂದು, ಕೈ ತೊಳೆಯುವುದು ಮಾತ್ರ ನಿಂತಿಲ್ಲ ಎನ್ನುವವರಿಗೆ ಆಗುತ್ತಿರುವ ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕು.

ಆದರೂ ಇದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿ. ತನಗೆ ಹೇಸಿಗೆ ಹುಟ್ಟಿಸುವ ವಸ್ತುವನ್ನು ಮುಟ್ಟಿ ಸುಮ್ಮನೆ ಕೂರು ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಏಕೆ ಒಪ್ಪಬೇಕು? ಹೇಳುವವರಲ್ಲಿ ನಂಬಿಕೆ ಇರಬೇಕು, ಹೇಳಿದ್ದರ ಹಿಂದಿನ ತರ್ಕ ತನಗೆ ಮನವರಿಕೆಯಾಗಿರಬೇಕು, ಗುರಿ ತನ್ನದೇ ಆಗಿರಬೇಕು. ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಚಿಕಿತ್ಸಕ ಮತ್ತು ಚಿಕಿತ್ಸೆಗೆ ಬಂದವರ ನಡುವಿನ ಹೊಂದಾಣಿಕೆಯನ್ನು ವಿವರಿಸಿದ್ದು ಹೀಗೆಯೇ: ನಡುವಿನ ವಿಶ್ವಾಸ, ಗುರಿಯ ಬಗ್ಗೆ ಒಮ್ಮತ, ಅಲ್ಲಿಗೆ ಹೋಗುವ ದಾರಿಯ ಬಗ್ಗೆ ಒಮ್ಮತ. ಅಕ್ಕಿಮೂಟೆ ಎತ್ತುವ ಇಬ್ಬರು ಎಲ್ಲಿಗೆ ಒಯ್ಯಬೇಕು, ಯಾವಾಗ ಎತ್ತಬೇಕು ಎಂದು ಮೊದಲು ಮಾತಾಡಿಕೊಳ್ಳುವ ಹಾಗೆ. 2018ರಲ್ಲಿ ಕ್ರಿಸ್ಟೋಫ್ ಫ್ಲೂಕಿಗರ್ ತಂಡ 295 ಅಧ್ಯಯನಗಳ, ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರ ಮಾಹಿತಿ ಕೂಡಿಸಿದಾಗ, ಈ ಹೊಂದಾಣಿಕೆ ಚೆನ್ನಾಗಿದ್ದಷ್ಟೂ ಫಲ ಹೆಚ್ಚು ಎಂಬ ನಂಟು ಬೇರೆಬೇರೆ ಬಗೆಯ ಚಿಕಿತ್ಸೆಗಳಲ್ಲೂ, ಬೇರೆಬೇರೆ ದೇಶಗಳಲ್ಲೂ ಕಂಡಿತು. ನಂಟು ಮಧ್ಯಮ ಗಾತ್ರದ್ದು. ಫಲಿತಾಂಶದ ಏರುಪೇರಿನಲ್ಲಿ ಸುಮಾರು ಶೇ 8ರಷ್ಟನ್ನು ಅದು ವಿವರಿಸುತ್ತದೆ. ಕಡಿಮೆ ಅನಿಸಬಹುದು. ಆದರೆ ಈ ಕ್ಷೇತ್ರದಲ್ಲಿ ಇಷ್ಟು ಸಲ, ಇಷ್ಟು ಸ್ಥಿರವಾಗಿ ಕಾಣಿಸಿಕೊಂಡಿರುವ ಅಂಶಗಳು ತೀರ ವಿರಳ.

ನಮ್ಮಲ್ಲಿ ಈ ಒಮ್ಮತ ಮುರಿಯುವುದು ಬಹುಪಾಲು ಮೊದಲ ದಿನವೇ. ಮಗನನ್ನು ಕರೆತಂದ ತಂದೆ ಕುರ್ಚಿ ಎಳೆದು ಕೂತು “ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಡಾಕ್ಟ್ರೇ, ಓದೋದೇ ಬಿಟ್ಟಿದಾನೆ” ಅನ್ನುತ್ತಾರೆ. ಮಗನಿಗೆ ಬೇಕಾದ್ದು ರಾತ್ರಿ ನಿದ್ದೆ. ಅಥವಾ ಎರಡು ವರ್ಷದ ಹಿಂದೆ ಬಲವಂತದಿಂದ ಸೇರಿದ ಕೋರ್ಸಿನಿಂದ ಬಿಡುಗಡೆ. ಚಿಕಿತ್ಸಕರು ತಂದೆಯ ಗುರಿಯನ್ನೇ ಹೊತ್ತು ನಾಲ್ಕು ಮಾತು ಬುದ್ಧಿ ಹೇಳಿದರೆ ಅಲ್ಲಿಗೆ ಕತೆ ಮುಗಿಯಿತು. ಹುಡುಗ ತಲೆಯಾಡಿಸುತ್ತಾನೆ, ಮುಂದಿನ ವಾರ ಬರುವುದಿಲ್ಲ. ಮದುವೆಯಾದ ಹೆಣ್ಣುಮಗಳನ್ನು ಅತ್ತೆಮನೆಯವರು “ಅಡ್ಜಸ್ಟ್ ಮಾಡ್ಕೊಂಡು ಹೋಗೋಕೆ ಹೇಳಿ” ಎಂದು ಕರೆತಂದಾಗಲೂ ಹೀಗೆಯೇ. ಯಾರ ಕೆಲಸಕ್ಕೆ ಕೂತಿದ್ದೇವೆ ಎಂಬುದು ಇತ್ಯರ್ಥವಾಗದೆ ಮುಂದಿನ ಯಾವ ತಂತ್ರವೂ ಹಿಡಿಯುವುದಿಲ್ಲ.

ಹಾಗೆಂದು ಮನೆಯವರನ್ನು ಬಾಗಿಲಾಚೆ ನಿಲ್ಲಿಸಿ, ಪಶ್ಚಿಮದ ಪಠ್ಯದಂತೆ ವ್ಯಕ್ತಿಯೊಬ್ಬನನ್ನೇ ಕೂರಿಸಿಕೊಂಡು ಮೌನವಾಗಿ ಕಾಯುವುದೂ ನಮ್ಮಲ್ಲಿ ಸರಿಹೋಗಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಗಿ ಇಂದಿನ ನಿಮ್ಹಾನ್ಸ್‌ಗೆ ಅಡಿಪಾಯವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಭಾರತದ ರೋಗಿ ಚಿಕಿತ್ಸಕರಿಂದ ನೇರವಾದ ಸಲಹೆ, ಆಸರೆ, ಹಿರಿಯರ ಭರವಸೆ ನಿರೀಕ್ಷಿಸುತ್ತಾನೆ. ಅದನ್ನು ಅಪಕ್ವತೆ ಎಂದು ತಳ್ಳಿಹಾಕಬಾರದು ಎಂಬುದು ಅವರ ನಿಲುವು. ಚಂಡೀಗಢದ ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ನೋಡಬಹುದೇ ಎಂದು ವಿಚಾರ ಮಾಡಿದರು. ಅಮೃತಸರದಲ್ಲಿ ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗಾರರನ್ನಾಗಿ ಮಾಡಿದ್ದರು. ಇವರೆಲ್ಲರ ಒಳನೋಟ ಬೆಲೆಬಾಳುವಂಥದ್ದು. ಆದರೆ ಗುರುವಿನ ಮಾದರಿಯಲ್ಲಿ ಒಂದು ಅಪಾಯ ಅಡಗಿದೆ ಎಂದು ನನಗೆ ತೋರುತ್ತದೆ. ಗುರುವಿಗೆ ಶಿಷ್ಯ ಎದುರಾಡುವುದಿಲ್ಲ. ಚಿಕಿತ್ಸೆ ದಾರಿ ತಪ್ಪಿದಾಗ ಅದನ್ನು ಹೇಳಬಲ್ಲವರು ಎದುರಿಗೆ ಕೂತವರೊಬ್ಬರೇ; ಅವರ ಬಾಯಿ ಕಟ್ಟಿದರೆ ತಪ್ಪು ತಪ್ಪಾಗಿಯೇ ಮುಂದುವರಿಯುತ್ತದೆ.

ಈಗ ಹಾನಿಯ ಮಾತಿಗೆ ಬರೋಣ. ಮಾತಿನಿಂದ ಏನು ಕೆಡುತ್ತದೆ, ಬರೀ ಮಾತಲ್ಲವೇ ಎನ್ನುವವರಿದ್ದಾರೆ. ಮದ್ದಿಗೆ ಶಕ್ತಿಯಿದೆ ಎಂದಾದರೆ ಅಡ್ಡಪರಿಣಾಮವೂ ಇದ್ದೇ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಸೇವೆಗಳಲ್ಲಿ ಮನೋಚಿಕಿತ್ಸೆ ಪಡೆದ 14,587 ಜನರನ್ನು ಕೇಳಿದಾಗ ಇಪ್ಪತ್ತರಲ್ಲಿ ಒಬ್ಬರು ತಮಗೆ ಬಹುಕಾಲ ಉಳಿದ ಕೆಟ್ಟ ಪರಿಣಾಮವಾಯಿತು ಎಂದರು. 2016ರಲ್ಲಿ ಪ್ರಕಟವಾದ ಈ ಸಮೀಕ್ಷೆಯಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಅಂಶ: ತಾವು ಪಡೆಯುತ್ತಿರುವುದು ಯಾವ ಬಗೆಯ ಚಿಕಿತ್ಸೆ ಎಂದು ತಿಳಿಯದವರಲ್ಲಿ, ಮೊದಲೇ ಸಾಕಷ್ಟು ವಿವರ ಸಿಗದವರಲ್ಲಿ ಕೆಡುಕಿನ ದೂರು ಹೆಚ್ಚಿತ್ತು.

ಚಿಕಿತ್ಸೆಯೇ ಗಾಯ ಮಾಡಿದ್ದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ‘ಡೀಬ್ರೀಫಿಂಗ್’. 1983ರಲ್ಲಿ ಜೆಫ್ರಿ ಮಿಚೆಲ್ ತುರ್ತುಸೇವೆಯ ಸಿಬ್ಬಂದಿಗೆಂದು ರೂಪಿಸಿದ ಕ್ರಮವಿದು. ಭೀಕರ ಘಟನೆ ನಡೆದ ಕೆಲವೇ ದಿನಗಳಲ್ಲಿ, ಕಂಡದ್ದು, ಅನಿಸಿದ್ದು ಎಲ್ಲವನ್ನೂ ಒಂದೇ ಬೈಠಕ್ಕಿನಲ್ಲಿ ಹೊರಹಾಕಿಸುವುದು. ಒಳಗಿಟ್ಟುಕೊಂಡರೆ ಹುಣ್ಣಾಗುತ್ತದೆ, ಹೇಳಿಬಿಟ್ಟರೆ ಹಗುರಾಗುತ್ತದೆ ಎಂಬ ತರ್ಕ ಯಾರಿಗಾದರೂ ಹಿಡಿಸುವಂಥದ್ದು. ಬೇಗನೆ ಅದು ಅಪಘಾತ, ಬೆಂಕಿ ಅನಾಹುತಗಳ ಸಂತ್ರಸ್ತರಿಗೂ ಹಬ್ಬಿತು. ಆಮೇಲೆ ಯಾರೋ ಅಳೆದು ನೋಡುವ ಮನಸ್ಸು ಮಾಡಿದರು. ವೇಲ್ಸ್‌ನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ತಿಂಗಳ ಬಳಿಕ ಆಘಾತೋತ್ತರ ಕಾಯಿಲೆ ಉಳಿದಿದ್ದದ್ದು ಡೀಬ್ರೀಫಿಂಗ್ ಪಡೆದವರಲ್ಲಿ ಶೇ 26 ಮಂದಿಗೆ, ಪಡೆಯದವರಲ್ಲಿ ಶೇ 9 ಮಂದಿಗೆ. ರಸ್ತೆ ಅಪಘಾತಕ್ಕೀಡಾದವರನ್ನು ಆಕ್ಸ್‌ಫರ್ಡ್‌ನ ತಂಡ ಮೂರು ವರ್ಷ ಹಿಂಬಾಲಿಸಿತು. ಮೊದಲಿಗೆ ತೀವ್ರ ಸಂಕಟದಲ್ಲಿದ್ದು ಏನೂ ಚಿಕಿತ್ಸೆ ಪಡೆಯದವರು ಚೇತರಿಸಿಕೊಂಡಿದ್ದರು. ಅಷ್ಟೇ ಸಂಕಟದಲ್ಲಿದ್ದು ಡೀಬ್ರೀಫಿಂಗ್ ಪಡೆದವರು ಇನ್ನೂ ನರಳುತ್ತಿದ್ದರು.

ಇಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಆಘಾತದ ನೆನಪನ್ನು ವಿವರವಾಗಿ ಹೇಳಿಸುವುದೇ ಆಘಾತೋತ್ತರ ಕಾಯಿಲೆಗೆ ಇರುವ ಅತ್ಯುತ್ತಮ ಚಿಕಿತ್ಸೆಗಳಲ್ಲಿ ಒಂದು; ಅಮೆರಿಕದ ಎಡ್ನಾ ಫೋವಾ ರೂಪಿಸಿದ್ದು. ಒಂದು ಕಡೆ ಗಾಯ ಮಾಡಿದ ಕೆಲಸವೇ ಇನ್ನೊಂದು ಕಡೆ ಹೇಗೆ ಮದ್ದಾಯಿತು? ಫೋವಾ ಪದ್ಧತಿಯಲ್ಲಿ ಚಿಕಿತ್ಸೆ ಶುರುವಾಗುವುದು ನೆನಪು ತಾನಾಗಿ ಮಾಗದೆ ಕಾಯಿಲೆಯಾಗಿ ನಿಂತಿದೆ ಎಂದು ಖಚಿತವಾದ ಮೇಲೆ. ಏಕೆ ಹೇಳಬೇಕು ಎಂಬುದನ್ನು ಮೊದಲು ಬಿಡಿಸಿ ಹೇಳಿ, ಒಪ್ಪಿಗೆ ಪಡೆದು, ವಾರಗಟ್ಟಲೆ ಮತ್ತೆಮತ್ತೆ, ಭಯ ಇಳಿಯುವ ತನಕ ಜೊತೆಗಿದ್ದು ಹೇಳಿಸುತ್ತಾರೆ. ಡೀಬ್ರೀಫಿಂಗ್‌ನಲ್ಲಿ ಹಸಿ ಗಾಯವನ್ನು ಒಂದೇ ಸಲ ತೆರೆದು, ಭಯ ಉಕ್ಕಿದ ಹೊತ್ತಿಗೆ ಎದ್ದು ಹೋಗುತ್ತಾರೆ. ಹೆಚ್ಚಿನ ಜನ ಮನೆಯವರ ಮಗ್ಗುಲಲ್ಲಿ, ಊಟ ನಿದ್ದೆಯ ಲಯದಲ್ಲಿ, ಮಾತಾಡಬೇಕೆನಿಸಿದಾಗ ಮಾತಾಡಿ, ಬೇಡವೆನಿಸಿದಾಗ ಸುಮ್ಮನಿದ್ದು ಗುಣವಾಗುವವರು. ಆ ಕ್ರಮಕ್ಕೆ ಅಡ್ಡ ಬಂದದ್ದೇ ಅಪಾಯವಾಯಿತು ಎಂಬುದು ಇವತ್ತಿನ ವಿವರಣೆ. 2004ರ ಸುನಾಮಿಯ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಇಂಥ ಒಂದೇ ಬಾರಿಯ ಡೀಬ್ರೀಫಿಂಗ್ ಬೇಡವೆಂದೇ ಸೂಚಿಸಿತು.

ಗಾಯ ಮಾಡುವ ಇನ್ನೊಂದು ಬಗೆ, ಉತ್ತರವನ್ನು ಚಿಕಿತ್ಸಕರೇ ಮೊದಲು ನಿರ್ಧರಿಸಿಕೊಂಡು ಕೂರುವುದು. 1980-90ರ ದಶಕದ ಅಮೆರಿಕದಲ್ಲಿ, ನಿಮ್ಮ ಕಷ್ಟಕ್ಕೆಲ್ಲ ನೀವು ಮರೆತ ಬಾಲ್ಯದ ದೌರ್ಜನ್ಯವೇ ಕಾರಣ ಎಂದು ನಂಬಿದ ಕೆಲವು ಚಿಕಿತ್ಸಕರು ಸಮ್ಮೋಹನ, ಸೂಚನೆಗಳ ಮೂಲಕ ಇಲ್ಲದ ನೆನಪುಗಳನ್ನು ಹುಟ್ಟಿಸಿದರು, ಕುಟುಂಬಗಳು ಒಡೆದವು. ಸಲಿಂಗಿಗಳನ್ನು ‘ಸರಿಪಡಿಸುವ’ ಚಿಕಿತ್ಸೆಯೂ ಇದೇ ಜಾತಿಗೆ ಸೇರಿದ್ದು. ಅದು ಯಾರನ್ನೂ ಬದಲಿಸಿಲ್ಲ, ಬಹಳ ಜನರನ್ನು ಆತ್ಮಹತ್ಯೆಯ ಅಂಚಿಗೆ ದೂಡಿದೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಸಲಿಂಗಿ ಜೋಡಿಯೊಂದರ ಪ್ರಕರಣದ ತೀರ್ಪು ಬರೆಯುವ ಮುನ್ನ, ವಿಷಯ ತಮಗೇ ಅರ್ಥವಾಗಬೇಕೆಂದು ಮನೋವಿಜ್ಞಾನಿಯೊಬ್ಬರ ಎದುರು ಕುಳಿತು ಮಾತಾಡಿದರು. ಆ ಚಿಕಿತ್ಸೆಗೆ ತಡೆ ಹಾಕಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಅಧಿಕಾರದ ಕುರ್ಚಿಯಲ್ಲಿ ಕೂತವರು ತಮಗೆ ತಿಳಿಯದ್ದನ್ನು ಕಲಿಯಲು ಒಪ್ಪಿದ ಆ ನಡೆ ನನಗೆ ತುಂಬ ದೊಡ್ಡದೆನಿಸುತ್ತದೆ.

ಇಷ್ಟು ಘೋರವಲ್ಲದ, ಆದರೆ ದಿನನಿತ್ಯ ನಡೆಯುವ ಹಾನಿಯೂ ಒಂದಿದೆ. ಲೂಯಿ ಕ್ಯಾಸ್ಟಾಂಗೆ ಮತ್ತು ಸಂಗಡಿಗರು 1996ರಲ್ಲಿ ಖಿನ್ನತೆಗೆ ಕೊಡುವ ಕಾಗ್ನಿಟಿವ್ ಥೆರಪಿಯ ಸೆಷನ್‌ಗಳನ್ನು ಕೇಳಿ ನೋಡಿದರು. “ಇದರಿಂದ ಉಪಯೋಗವಾಗುತ್ತಿಲ್ಲ” ಎಂದು ರೋಗಿ ಗೊಣಗಿದಾಗ ಕೆಲವು ಚಿಕಿತ್ಸಕರು ಆ ಗೊಣಗಾಟವನ್ನೇ ಖಿನ್ನತೆಯ ವಕ್ರ ಆಲೋಚನೆ ಎಂದು ಪರಿಗಣಿಸಿ, ಅದನ್ನು ಸರಿಪಡಿಸಲು ತಮ್ಮ ತಂತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದರು. ಸಂಬಂಧ ಹದಗೆಟ್ಟಿತು, ಫಲವೂ ಕುಗ್ಗಿತು. ತಂತ್ರ ಒಳ್ಳೆಯದೇ ಇತ್ತು. ಎದುರಿನವರು ಹೇಳುತ್ತಿದ್ದ ಮಾತು ಕಿವಿಗೆ ಬೀಳಲಿಲ್ಲ.

ಇದು ಚಿಕಿತ್ಸಕರ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ತರುತ್ತದೆ. ಒಬ್ಬ ಚಿಕಿತ್ಸಕರಿಗೂ ಇನ್ನೊಬ್ಬರಿಗೂ ಫಲಿತಾಂಶದಲ್ಲಿ ಗಣನೀಯ ಅಂತರವಿದೆ. ಹಲವು ಸಲ ಪದ್ಧತಿಗಳ ನಡುವಿನ ಅಂತರಕ್ಕಿಂತ ಹೆಚ್ಚು. ಆ ಅಂತರ ಪದವಿಯಿಂದ ಬರುತ್ತದೆಯೇ? 1979ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ಸ್ಟ್ರಪ್ ಮತ್ತು ಸುಝಾನ್ ಹ್ಯಾಡ್ಲಿ ಕಾಲೇಜು ಹುಡುಗರಲ್ಲಿ ಕೆಲವರನ್ನು ಅನುಭವಿ ಚಿಕಿತ್ಸಕರ ಬಳಿ, ಇನ್ನು ಕೆಲವರನ್ನು ಆಪ್ತವಾಗಿ ಮಾತಾಡುವ ಪ್ರಾಧ್ಯಾಪಕರ ಬಳಿ ಕಳಿಸಿದರು. ಪ್ರಾಧ್ಯಾಪಕರಿಗೆ ಮನೋಚಿಕಿತ್ಸೆಯ ತರಬೇತಿ ಇರಲಿಲ್ಲ. ಸರಾಸರಿಯಲ್ಲಿ ಎರಡೂ ಗುಂಪಿನ ಹುಡುಗರು ಸಮವಾಗಿ ಸುಧಾರಿಸಿದರು. ಅನುಭವದಿಂದ ಬರುತ್ತದೆಯೇ? 2016ರಲ್ಲಿ ಸೈಮನ್ ಗೋಲ್ಡ್‌ಬರ್ಗ್ ತಂಡ 170 ಚಿಕಿತ್ಸಕರ ಹಲವು ವರ್ಷಗಳ ದಾಖಲೆ ನೋಡಿದಾಗ, ವರ್ಷ ಕಳೆದಂತೆ ಅವರ ಫಲಿತಾಂಶ ಮೇಲೇರಿರಲಿಲ್ಲ, ಕೂದಲೆಳೆಯಷ್ಟು ಇಳಿದಿತ್ತು. ಮತ್ತೆ ಯಾವುದು? ತಿಮೊತಿ ಆಂಡರ್ಸನ್ 2009ರ ಅಧ್ಯಯನವೊಂದರಲ್ಲಿ ಚಿಕಿತ್ಸಕರಿಗೆ ಕಷ್ಟದ ರೋಗಿಗಳ ವಿಡಿಯೊ ತುಣುಕು ತೋರಿಸಿದರು. ಒಬ್ಬ ಸಿಟ್ಟಿನಿಂದ ಹಂಗಿಸುತ್ತಾನೆ, ಒಬ್ಬಾಕೆ ಮುದುಡಿ ಕೂತಿದ್ದಾಳೆ. ಅವರಿಗೆ ಆ ಕ್ಷಣದಲ್ಲಿ ಏನು ಹೇಳುತ್ತೀರಿ ಎಂದು ಕೇಳಿ ಧ್ವನಿಮುದ್ರಿಸಿಕೊಂಡರು. ಉತ್ತರದಲ್ಲಿ ಬೆಚ್ಚನೆಯ ಸ್ಪಂದನೆ, ಸ್ಪಷ್ಟ ಮಾತು, ಭರವಸೆ, ಜಗಳಕ್ಕಿಳಿಯದೆ ನಿಲ್ಲುವ ತಾಳ್ಮೆ ಎಷ್ಟಿತ್ತು ಎಂಬುದು ಅವರ ನಿಜವಾದ ರೋಗಿಗಳ ಸುಧಾರಣೆಯನ್ನು ಮುಂಗಾಣಿಸಿತು. ಬಿಸಿಯೇರಿದ ಹೊತ್ತಿನಲ್ಲಿ ಎದುರಿನವರ ಸಿಟ್ಟನ್ನು ತನ್ನ ಅವಮಾನವಾಗಿ ತೆಗೆದುಕೊಳ್ಳದಿರುವುದೇ ಈ ವೃತ್ತಿಯ ಕುಶಲತೆಯ ತಿರುಳು ಎಂದು ನಾನು ಇದನ್ನು ಓದುತ್ತೇನೆ.

ಚಿಕಿತ್ಸಕರು ತಮ್ಮನ್ನು ತಾವು ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆಗೂ ಉತ್ತರವಿದೆ. 2012ರಲ್ಲಿ ಸ್ಟೀವನ್ ವಾಲ್‌ಫಿಶ್ ಮತ್ತು ಸಂಗಡಿಗರು 129 ವೃತ್ತಿಪರರನ್ನು ಕೇಳಿದಾಗ ಕಾಲುಭಾಗ ಮಂದಿ ತಮ್ಮನ್ನು ಮೇಲಿನ ಶೇ 10ರಲ್ಲಿ ಇರಿಸಿಕೊಂಡರು. ಸರಾಸರಿಗಿಂತ ಕೆಳಗಿದ್ದೇನೆ ಎಂದವರು ಒಬ್ಬರೂ ಇರಲಿಲ್ಲ. ಇದಕ್ಕಿಂತ ಮನಕಲಕುವುದು 2005ರ ಇನ್ನೊಂದು ಅಧ್ಯಯನ. ಅಮೆರಿಕದ ಮೈಕೆಲ್ ಲ್ಯಾಂಬರ್ಟ್ ಮತ್ತು ಅವರ ತಂಡ ಚಿಕಿತ್ಸಕರಿಗೆ, ನಿಮ್ಮ ಬಳಿ ಬಂದವರಲ್ಲಿ ಯಾರು ಕೊನೆಗೆ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಹೋಗಬಹುದು ಹೇಳಿ ಎಂದರು. ಶೇ 8ರಷ್ಟು ಮಂದಿ ಹದಗೆಡುವುದು ವಾಡಿಕೆ ಎಂದೂ ತಿಳಿಸಿದ್ದರು. ಸುಮಾರು 550 ಜನರಲ್ಲಿ ಚಿಕಿತ್ಸಕರು ಬೊಟ್ಟು ಮಾಡಿದ್ದು ಮೂವರನ್ನು. ನಿಜಕ್ಕೂ ಹದಗೆಟ್ಟವರು 40 ಜನ. ಪ್ರತಿ ಸೆಷನ್ನಿಗೆ ಮುನ್ನ ತುಂಬಿಸುತ್ತಿದ್ದ 45 ಪ್ರಶ್ನೆಗಳ ಒಂದು ಪತ್ರಿಕೆಯ ಅಂಕಗಳನ್ನು ಸರಳ ಲೆಕ್ಕಕ್ಕೆ ಹಾಕಿದಾಗ, ಕೆಲವು ಸುಳ್ಳು ಎಚ್ಚರಿಕೆಗಳ ಜೊತೆಗೆ, ಆ 40ರಲ್ಲಿ 36 ಜನ ಮೊದಲೇ ಪತ್ತೆಯಾದರು. ಚಿಕಿತ್ಸಕರು ಕೆಟ್ಟವರಾಗಿರಲಿಲ್ಲ. ಭರವಸೆಯೇ ಅವರ ಉಸಿರು. ಭರವಸೆಯಿಂದ ನೋಡುವ ಕಣ್ಣಿಗೆ ಇಳಿಜಾರು ಕಾಣುವುದು ಕಷ್ಟ.

ಹಾಗಾದರೆ ಹದಗೆಡುತ್ತಿರುವವರೇ ಏಕೆ ಬಾಯಿಬಿಟ್ಟು ಹೇಳುವುದಿಲ್ಲ? ಮ್ಯಾಟ್ ಬ್ಲಾಂಚರ್ಡ್ ಮತ್ತು ಬ್ಯಾರಿ ಫಾರ್ಬರ್ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 547 ಜನರ ಪೈಕಿ ಶೇ 93 ಮಂದಿ ತಮ್ಮ ಚಿಕಿತ್ಸಕರಿಗೆ ಯಾವುದಾದರೊಂದು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರು. ಎಲ್ಲಕ್ಕಿಂತ ಸಾಮಾನ್ಯವಾದ ಸುಳ್ಳು, ತನ್ನ ಸಂಕಟ ಇರುವುದಕ್ಕಿಂತ ಕಡಿಮೆ ಎಂದು ತೋರಿಸಿಕೊಳ್ಳುವುದು. ಚಿಕಿತ್ಸಕರ ಮಾತು ಹಿಡಿಸದಿದ್ದರೂ ಹಿಡಿಸಿದಂತೆ ನಟಿಸುವುದೂ ಪಟ್ಟಿಯಲ್ಲಿತ್ತು. ಟೊರಾಂಟೊದ ಡೇವಿಡ್ ರೆನ್ನಿ ಇನ್ನೂ ಮುಂಚೆಯೇ ಜನರಿಗೆ ಅವರದೇ ಸೆಷನ್ನಿನ ಧ್ವನಿಮುದ್ರಣ ಕೇಳಿಸಿ, ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ವಿಚಾರಿಸಿದ್ದರು. ಪಾಪ ಬೇಜಾರಾದೀತು, ತಿಳಿದವರು ಅವರು, ನನಗೇನು ಗೊತ್ತು ಎಂಬ ಸಂಕೋಚದಲ್ಲಿ ಜನ ಎಷ್ಟೊಂದು ಮಾತು ನುಂಗಿಕೊಂಡಿದ್ದರು. ಕೆನಡದಲ್ಲೇ ಹೀಗಿದ್ದರೆ, ಡಾಕ್ಟರ ಮುಂದೆ ಕೂರಲೂ ಹಿಂಜರಿಯುವ, ಹಿರಿಯರಿಗೆ ಎದುರಾಡಬಾರದೆಂದು ಬೆಳೆದ ನಮ್ಮವರ ಪಾಡು ಊಹಿಸಬಹುದು. “ಈಗ ಪರವಾಗಿಲ್ಲ ಮೇಡಂ” ಎಂಬುದು ನಮ್ಮಲ್ಲಿ ಚಿಕಿತ್ಸೆ ಬಿಟ್ಟುಹೋಗುವವರು ಆಡುವ ಕೊನೆಯ ಮಾತಾಗಿರುವುದುಂಟು.

ಆದ್ದರಿಂದಲೇ ಪ್ರತಿ ಭೇಟಿಯಲ್ಲೂ ಎರಡು ನಿಮಿಷದ ಒಂದು ಪ್ರಶ್ನಾವಳಿ ತುಂಬಿಸಿ, ಬಂದ ಅಂಕವನ್ನು ಇಬ್ಬರೂ ಕೂಡಿ ನೋಡುವ ಕ್ರಮ ಹಲವು ದೇಶಗಳಲ್ಲಿ ಹರಡುತ್ತಿದೆ. ನಿದ್ದೆ ಹೇಗಿದೆ, ಊಟ ಹೇಗಿದೆ, ಸಾಯಬೇಕೆನಿಸಿತೇ, ಹೋದ ವಾರದ ಮಾತು ಉಪಯೋಗಕ್ಕೆ ಬಂತೇ. ಬಾಯಲ್ಲಿ ಹೇಳಲಾಗದ್ದನ್ನು ಕಾಗದದ ಮೇಲೆ ಗುರುತು ಹಾಕುವುದು ಸುಲಭ. ಇದರಿಂದ ಆಗುವ ಲಾಭ ಸರಾಸರಿಯಲ್ಲಿ ಸಣ್ಣದು, ಆದರೆ ಅರ್ಧಕ್ಕೆ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ. ಮೂವತ್ತು ವರ್ಷದ ಬಳಿಕ ಕೇಳುವ ‘ಒಳ್ಳೆಯದಾಯಿತೇ’ ಎಂಬ ಪ್ರಶ್ನೆಗೂ, ಈ ವಾರ ಎಷ್ಟು ರಾತ್ರಿ ನಿದ್ದೆ ಬಂತು ಎಂಬ ಪ್ರಶ್ನೆಗೂ ಇರುವ ಅಂತರ ದೊಡ್ಡದು. ಎರಡನೆಯದಕ್ಕೆ ಬರುವ ಉತ್ತರದಲ್ಲಿ ಕೃತಜ್ಞತೆ ಬೆರೆಯುವುದು ಕಡಿಮೆ, ಮತ್ತು ಅದು ಬರುವುದು ತಪ್ಪನ್ನು ತಿದ್ದಲು ಇನ್ನೂ ಕಾಲವಿರುವಾಗ.

ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮಾಡಿದ ಕೆಲಸ ಇದನ್ನೆಲ್ಲ ಒಂದೆಡೆ ಕಾಣಿಸುತ್ತದೆ. ಮನೋಚಿಕಿತ್ಸೆಯ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ಕೆಲವೇ ವಾರ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಲಹೆಗಾರರನ್ನಾಗಿ ಮಾಡಿದರು. ಅವರು ಕೊಟ್ಟ ಚಿಕಿತ್ಸೆ ಆರರಿಂದ ಎಂಟು ಭೇಟಿಗಳದ್ದು. ಖಿನ್ನತೆ ಬಂದಾಗ ಮನುಷ್ಯ ಒಂದೊಂದಾಗಿ ಕೈಬಿಡುವ ಕೆಲಸಗಳನ್ನು, ಮಾರುಕಟ್ಟೆಗೆ ಹೋಗುವುದು, ಗೆಳತಿಯನ್ನು ನೋಡುವುದು, ತೋಟಕ್ಕೆ ನೀರು ಬಿಡುವುದು, ಸಣ್ಣಸಣ್ಣ ಹೆಜ್ಜೆಗಳಲ್ಲಿ ಮರಳಿ ಹಿಡಿಯುವಂತೆ ಮಾಡುವುದು ಅದರ ತಿರುಳು. ತೀವ್ರ ಖಿನ್ನತೆಯ 495 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮೂರು ತಿಂಗಳಿಗೆ ಈ ಸಲಹೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯವರಲ್ಲಿ ಶೇ 39. ನನಗೆ ಇಲ್ಲಿ ಅತ್ಯಂತ ಮುಖ್ಯವೆನಿಸುವುದು ಅವರ ಮೇಲ್ವಿಚಾರಣೆಯ ರೀತಿ. ಸಲಹೆಗಾರರು ತಮ್ಮ ಸೆಷನ್‌ಗಳ ಧ್ವನಿಮುದ್ರಣವನ್ನು ಒಟ್ಟಿಗೆ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಹಾಕಿ, ಯಾರು ಎಲ್ಲಿ ಎಡವಿದರು ಎಂದು ಮುಖಾಮುಖಿ ಹೇಳುತ್ತಿದ್ದರು. ದೊಡ್ಡ ಪದವಿ ಪಡೆದ ಬಳಿಕ ದಶಕಗಳ ಕಾಲ ತಮ್ಮ ಒಂದು ಸೆಷನ್ನನ್ನೂ ಇನ್ನೊಬ್ಬರ ಕಿವಿಗೆ ಒಡ್ಡದ ವೃತ್ತಿಪರರು ಇರುವ ಜಗತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಭಾಷೆಯ ಬಗ್ಗೆಯೂ ಹೇಳಬೇಕು. ಡೆರೆಕ್ ಗ್ರೈನರ್ ಮತ್ತು ತಿಮೊತಿ ಸ್ಮಿತ್ 2006ರಲ್ಲಿ 76 ಅಧ್ಯಯನ ಒಟ್ಟುಮಾಡಿ ನೋಡಿದಾಗ, ಇಂಗ್ಲಿಷ್ ಮನೆಮಾತಲ್ಲದವರಿಗೆ ಅವರದೇ ಮಾತಿನಲ್ಲಿ ಕೊಟ್ಟ ನೆರವು ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕಿಂತ ಎರಡರಷ್ಟು ಫಲ ನೀಡಿತ್ತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಭಾರತದ ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ಕಾಯಿಲೆ ಇತ್ತು ಎಂದಿದೆ. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬೆಂಗಳೂರಿನ ದುಬಾರಿ ಕ್ಲಿನಿಕ್ಕಿನಲ್ಲಿ ಇಂಗ್ಲಿಷಿನಲ್ಲಿ ತನ್ನ ತಾಯಿಯ ಸಾವನ್ನು ವಿವರಿಸುವ ಹುಡುಗಿ ವಾಕ್ಯ ಸರಿಮಾಡಿಕೊಳ್ಳುವುದರಲ್ಲೇ ಅಳು ಮರೆಯುತ್ತಾಳೆ. ಅವಳಿಗೆ ಕನ್ನಡದಲ್ಲಿ ಮಾತಾಡಬಹುದೇ ಎಂದು ಕೇಳುವ ಹಕ್ಕಿದೆ, ಕೇಳಬೇಕು.

ಕೇಳಬಹುದಾದದ್ದು ಇನ್ನೂ ಇದೆ. ಮೊದಲ ಭೇಟಿಯಲ್ಲೇ ಅವರ ಓದು, ನೋಂದಣಿ ವಿಚಾರಿಸಿ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಆದರೆ ‘ಕೌನ್ಸೆಲರ್’ ಎಂಬ ಹಲಗೆ ತೂಗಿಸಲು ಅಂಥ ಬಿಗಿ ನಿಯಮ ಬಹುಕಾಲ ಇರಲಿಲ್ಲ. ನನ್ನ ತೊಂದರೆ ನಿಮಗೆ ಹೇಗೆ ಕಾಣುತ್ತದೆ, ಏನು ಮಾಡಲಿದ್ದೇವೆ, ಸುಧಾರಿಸುತ್ತಿದೆ ಎಂದು ಯಾವುದರಿಂದ ತಿಳಿಯುತ್ತೇವೆ ಎಂದು ಕೇಳಿ. ಕೆನೆತ್ ಹೋವರ್ಡ್ 1986ರಲ್ಲಿ ತೋರಿಸಿದಂತೆ ಸುಮಾರು ಅರ್ಧದಷ್ಟು ಜನರಲ್ಲಿ ಎಂಟನೆಯ ಸೆಷನ್ ಹೊತ್ತಿಗೆ ಅಳೆಯಬಹುದಾದ ಸುಧಾರಣೆ ಕಾಣುತ್ತದೆ, ಮುಕ್ಕಾಲು ಪಾಲು ಜನರಲ್ಲಿ 26ರ ಹೊತ್ತಿಗೆ. ಹಳೆಯ, ಆಳದ ನೋವಿಗೆ ಹೆಚ್ಚು ಕಾಲ ಬೇಕಾದೀತು. ಆದರೆ ಎಂಟು ಹತ್ತು ಭೇಟಿಯ ಬಳಿಕವೂ ಏನೊಂದೂ ಕದಲದಿದ್ದರೆ ಆ ಮಾತನ್ನು ಅಲ್ಲೇ, ಆ ಕೋಣೆಯಲ್ಲೇ ಆಡಬೇಕು. “ಹೋದ ವಾರ ನೀವು ಹೇಳಿದ್ದು ನನಗೆ ನೋವಾಯಿತು”, “ಇದು ನನಗೆ ಕೆಲಸ ಮಾಡ್ತಿಲ್ಲ ಅನಿಸ್ತಿದೆ” ಎಂದರೆ ಸಾಕು. ನ್ಯೂಯಾರ್ಕಿನ ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟಫರ್ ಮ್ಯೂರನ್ ದಶಕಗಳ ಕಾಲ ಇಂಥ ಬಿರುಕಿನ ಗಳಿಗೆಗಳನ್ನೇ ಅಧ್ಯಯನ ಮಾಡಿದರು. ಬಿರುಕು ಬಿಟ್ಟು, ಅದನ್ನು ಇಬ್ಬರೂ ಮಾತಾಡಿ ಸರಿಮಾಡಿಕೊಂಡ ಚಿಕಿತ್ಸೆಗಳಲ್ಲಿ ಫಲ ಉತ್ತಮವಾಗಿತ್ತು. ಸಿಟ್ಟು ತೋರಿಸಿದರೂ ಸಂಬಂಧ ಮುರಿಯಲಿಲ್ಲ ಎಂಬುದನ್ನು ಕೆಲವರು ಬಾಳಿನಲ್ಲಿ ಮೊದಲ ಸಲ ಅನುಭವಿಸುವುದು ಅಲ್ಲಿಯೇ.

ನಿಮ್ಮ ಮಾತಿಗೆ ಅವರು “ಯಾವುದು ನೋಯಿಸಿತು, ಹೇಳಿ” ಎಂದು ಕೇಳಿ ದಾರಿ ಬದಲಿಸಿದರೆ ಮುಂದುವರಿಯಿರಿ. ನಿಮ್ಮನ್ನೇ ದೂರಿದರೆ, ನಗೆಯಾಡಿದರೆ, ನಿಮ್ಮ ಗುಟ್ಟನ್ನು ನಿಮ್ಮ ಒಪ್ಪಿಗೆಯಿಲ್ಲದೆ ಮನೆಯವರಿಗೆ ತಲುಪಿಸಿದರೆ, ಮೈಮುಟ್ಟುವ ಸಲಿಗೆಗೆ ಇಳಿದರೆ ಎದ್ದುಬನ್ನಿ, ಇನ್ನೊಬ್ಬರನ್ನು ಹುಡುಕಿ. ಒಬ್ಬರ ಬಳಿ ಫಲಿಸದ್ದು ಮತ್ತೊಬ್ಬರ ಬಳಿ ಫಲಿಸಿದ ನಿದರ್ಶನಗಳು ಬೇಕಾದಷ್ಟಿವೆ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ಹಣವಿಲ್ಲ, ಮಾತು ಕನ್ನಡದಲ್ಲಿ ಆಡಬಹುದು.